ಜಯದೇವಪ್ಪ ಸಮುದ್ರ ಮಾಡಿದ್ದು

ಚನ್ನಗಿರಿ ತಾಲ್ಲೂಕು ಕಚೇರಿಯ ಗುಮಾಸ್ತ ಜಯದೇವಪ್ಪನವರು ಸಮುದ್ರ ನೋಡಿದವರು ಎಂಬ ಸಂಗತಿ ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ತಿಳಿಸುತ್ತಿದ್ದರು. ಊರಿಗೆ ಟಿ.ವಿ. ಇನ್ನೂ ಬಂದಿರದ ಕಾಲ. ಸಮುದ್ರ ಎಂದರೆ ಟೆಂಟ್ ಸಿನಿಮಾದಲ್ಲಿ ನಾಯಕಿ ಓಡುವಾಗ ಹಿಂದೆ ಕಾಣುವ ಒಂದು ಬಿಳಿ ಗೆರೆ, ಅಷ್ಟೆ. ಅಂಥದ್ದರಲ್ಲಿ ಒಬ್ಬ ಮನುಷ್ಯ ಖುದ್ದಾಗಿ ಮಂಗಳೂರಿಗೆ ಹೋಗಿ, ಅಲೆ ಬಡಿದು ಬಿದ್ದು, ಒಂದು ಬೊಗಸೆಯಷ್ಟು ಸಮುದ್ರ ಕುಡಿದು ಬಂದಿದ್ದಾನೆ ಎಂದರೆ ಅವನ ಮಾತಿಗೆ ಬೆಲೆ ಇರಲೇಬೇಕಲ್ಲ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಜನ ಮೊದಲು ಜಯದೇವಪ್ಪನವರ ಮುಖ ನೋಡುತ್ತಿದ್ದರು. "ಇದೂ ಒಂದು ಉಪ್ಪೇನ್ರಿ" ಎಂದು ಅವರು ನಗುತ್ತಾ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

ನಿಜ ಸಂಗತಿ ಬೇರೆ ಇತ್ತು. ಮದುವೆಯಾದ ಹೊಸತರಲ್ಲಿ ಇಲಾಖೆಯ ಪರೀಕ್ಷೆ ಬರೆಯಲು ಅವರು ಮಂಗಳೂರಿಗೆ ಹೋಗಿದ್ದು ಹೌದು. ಹೋದ ದಿನವೇ ಹೋಟೆಲಿನ ಊಟ ಒಗ್ಗದೆ ಹೊಟ್ಟೆ ಕೆಟ್ಟು, ಪರೀಕ್ಷೆಯ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಲಾಡ್ಜಿನ ಪಾಯಿಖಾನೆಯ ಬಾಗಿಲು ಕಾದದ್ದೂ ಹೌದು. ಕಿಟಕಿಯ ಆಚೆ ಭೋರ್ ಎನ್ನುತ್ತಿದ್ದುದೇ ಸಮುದ್ರ ಎಂದು ಅವರು ಮಲಗಿದಲ್ಲೇ ಕೈ ಮುಗಿದಿದ್ದರು. ಹೊರಡುವಾಗ ನೋಡಿದರೆ ಅದು ಅಕ್ಕಿ ಗಿರಣಿ. ಅಷ್ಟು ದೂರ ಹೋಗಿ ಗಿರಣಿಗೆ ಕೈ ಮುಗಿದು ಬಂದೆ ಎಂದು ಹೊಸ ಹೆಂಡತಿಗೆ ಯಾವ ಗಂಡಸು ಹೇಳುತ್ತಾನೆ? ಕಸ್ತೂರಮ್ಮ ಕಣ್ಣರಳಿಸಿ "ಸಮುದ್ರ ಹೆಂಗೈತ್ರಿ?" ಎಂದು ಕೇಳಿದಾಗ ಒಂದು ಅಲೆ ತಾನಾಗಿ ಎದ್ದಿತು. ಬೊಗಸೆ ನೀರು ಆಮೇಲೆ ಸೇರಿಕೊಂಡಿತು. "ನಿನ್ನೂ ಒಂದ್ಸಲ ಕರ್ಕೊಂಡು ಹೋಗ್ತೀನಿ" ಎಂದು ಅಂದೇ ಮಾತು ಕೊಟ್ಟಿದ್ದರು. ಹೋದರೆ ಬಣ್ಣ ಬಯಲಾಗುತ್ತದೆಂಬ ಅಂಜಿಕೆಯಿಂದ ಆ ಪ್ರಯಾಣ ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಿತ್ತು.

ಹೀಗಿರುವಾಗ ಕಸ್ತೂರಮ್ಮನ ತಮ್ಮ ಮಲ್ಲಿಕಾರ್ಜುನಪ್ಪನಿಗೆ ಮಂಗಳೂರಿನಲ್ಲೇ ಕೆಲಸವಾಯಿತು. ಅವನು ಬೇಸಿಗೆಯಲ್ಲಿ ಅಕ್ಕನ ಮನೆಗೆ ಬಂದಾಗ ಎರಡು ಕೈಯಲ್ಲೂ ಒಂದೊಂದು ದೊಡ್ಡ ಕ್ಯಾನು ಇತ್ತು.

"ಇದೇನೋ ಮಲ್ಲಿ, ಸೀಮೆಎಣ್ಣೆನಾ?" ಎಂದರು ಕಸ್ತೂರಮ್ಮ.

"ಸಮುದ್ರ ಕಣಕ್ಕ. ಭಾವನೋರಿಗೆ ಸಮುದ್ರ ಅಂದ್ರೆ ಪ್ರಾಣ ಅಲ್ವಾ? ಅದಕ್ಕೆ ಸ್ವಲ್ಪ ತಂದೆ."

ಒಂದು ಕ್ಯಾನಿನಲ್ಲಿ ಬರೀ ನೀರು. ಇನ್ನೊಂದರಲ್ಲಿ ಹಳದಿ ಮೈಗೆ ಕಪ್ಪು ಪಟ್ಟೆಯ ಒಂದು ಪುಟ್ಟ ಮೀನು, ಮುಷ್ಟಿಗಾತ್ರದ ಒಂದು ಕಲ್ಲು. ಮೀನು ಕಂಡದ್ದೇ ಕಸ್ತೂರಮ್ಮ ವಿಭೂತಿ ಗಟ್ಟಿಯ ಕಡೆ ನೋಡಿದರು. "ಮೀನು! ನಮ್ಮ ಮನೇಲಿ! ಓಣಿಯೋರು ಏನಂದಾರು?"

"ತಿನ್ನಾಕಲ್ಲಕ್ಕ, ನೋಡಾಕೆ. ಆ ಕಲ್ಲು ನೋಡು, ಸ್ವಲ್ಪ ಹೊತ್ತು ಸುಮ್ನಿರು."

ಫೋಟೋಗೆ ಕಟ್ಟು ಹಾಕುವವನಿಂದ ಗಾಜು ಕೊಯ್ಯಿಸಿ, ಮೂಲೆಗೆ ಅಂಟು ಮೆತ್ತಿ ಮಾಡಿಸಿದ ತೊಟ್ಟಿಯಲ್ಲಿ ನೀರು ಸುರಿದು ಕಲ್ಲು ಇಟ್ಟ ಮೇಲೆ, ಅದಕ್ಕೆ ಕಚ್ಚಿಕೊಂಡಿದ್ದ ಒಂದು ಗುಂಡಿಯಂಥದ್ದು ನಿಧಾನವಾಗಿ ಬಿಚ್ಚಿಕೊಂಡು ನಸುಗೆಂಪು ಸೇವಂತಿಗೆಯಾಯಿತು. ಎಸಳುಗಳು ತಾವಾಗಿಯೇ ಆಡತೊಡಗಿದವು. ಅದು ಹೂವಲ್ಲ, ಪ್ರಾಣಿ ಎಂದು ಮಲ್ಲಿಕಾರ್ಜುನಪ್ಪ ಹೇಳಿದ್ದನ್ನು ಕಸ್ತೂರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಕಸಬರಿಗೆಯನ್ನು ಕೈಯಲ್ಲೇ ಹಿಡಿದು ತೊಟ್ಟಿಯ ಮುಂದೆ ಕೂತವರು ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂದಾಗಲೇ ಎದ್ದದ್ದು. ಮೀನಿನ ಮಾತು ಅಲ್ಲಿಗೆ ನಿಂತಿತು.

ಮಲ್ಲಿಕಾರ್ಜುನಪ್ಪ ಬೆಳಿಗ್ಗೆ ಸಂಜೆ ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹೊಡೆಯಬೇಕೆಂದು ತೋರಿಸಿಕೊಟ್ಟು, ಮೀನಿನ ಊಟದ ಪೊಟ್ಟಣ ಇಟ್ಟು ಹೊರಟುಹೋದ. ಅವನ ಬಸ್ಸು ಊರು ದಾಟಿತೋ ಇಲ್ಲವೋ, ಜಯದೇವಪ್ಪನವರು ತೊಟ್ಟಿಯ ಮುಂದೆ ನಿಂತು ತಲೆ ಆಡಿಸಿದರು. ಎರಡು ಕ್ಯಾನು ನೀರು ತೊಟ್ಟಿಯ ಅರ್ಧಕ್ಕೇ ನಿಂತಿತ್ತು. ಸಂಜೆಗೆ ಕಚೇರಿಯವರೆಲ್ಲ ನೋಡಲು ಬರುವವರಿದ್ದರು.

"ಅರ್ಧ ಸಮುದ್ರ ನೋಡಾಕೆ ಯಾರು ಬರ್ತಾರೆ? ಎರಡು ಕೊಡ ಬಾವಿ ನೀರು ತಾ," ಎಂದರು.

"ಅದಕ್ಕೆ ಆಗಿಬರ್ತದೇನ್ರಿ?"

"ಸಮುದ್ರ ನೋಡಿದೋನು ನಾನೋ ನೀನೋ?"

ಎರಡು ಕೊಡ ಬಾವಿ ನೀರು ಬಿತ್ತು. ಕಚೇರಿಯವರು ಬರುವ ಹೊತ್ತಿಗೆ ತೊಟ್ಟಿ ತುಂಬಿತ್ತು, ಹೂವು ಮಾತ್ರ ಇರಲಿಲ್ಲ. ಅದು ಮುದುಡಿ ಮತ್ತೆ ಗುಂಡಿಯಾಗಿತ್ತು. ಮೀನು ಒಂದು ಮೂಲೆ ಹಿಡಿದು ಬಾಯಿ ಬಡಿಯುತ್ತಿತ್ತು. ಬಂದವರು ಮಂಡಕ್ಕಿ ತಿಂದು, ಗುಂಡಿ ನೋಡಿ, "ಚೆನ್ನಾಗೈತೆ" ಎಂದು ಹೋದರು.

ಕಸ್ತೂರಮ್ಮ ಬೈಯದೆ ನೆಲಕ್ಕೆ ಬಿದ್ದ ಮಂಡಕ್ಕಿ ಗುಡಿಸಿದರು. ಅದೇ ಜಯದೇವಪ್ಪನವರಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಬೆಳಿಗ್ಗೆ ಅವರು ನೆಟ್ಟಗೆ ಪೋಸ್ಟಾಫೀಸಿಗೆ ಹೋಗಿ ಮಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿಸಿದರು. ಮನಿಯಾರ್ಡರಿಗೆ ಬಂದವರು, ಕಾರ್ಡು ಕವರಿಗೆ ಬಂದವರು ಎಲ್ಲ ಸೇರಿ ಒಳ್ಳೆ ಜನ ಇತ್ತು.

"ಹಲೋ! ಮಲ್ಲಿ! ಉಪ್ಪು! ಉಪ್ಪು ಎಷ್ಟು ಹಾಕಬೇಕೋ?"

"ಯಾವುದಕ್ಕೆ ಭಾವ? ಅಕ್ಕಗೆ ಹುಷಾರಿಲ್ವಾ? ಅಡಿಗೆ ನೀವು ಮಾಡ್ತಿದ್ದೀರಾ?" ಆ ಕಡೆಯ ಕೂಗು ಕೌಂಟರಿನ ಆಚೆಯವರಿಗೂ ಕೇಳುತ್ತಿತ್ತು.

"ಸಮುದ್ರಕ್ಕೆ ಕಣೋ! ಸಮುದ್ರಕ್ಕೆ ಎಷ್ಟು ಉಪ್ಪು?"

ಪೋಸ್ಟಾಫೀಸಿನಲ್ಲಿ ಠಸ್ಸೆ ಹೊಡೆಯುವ ಸದ್ದು ನಿಂತಿತು.

"ಅಯ್ಯೋ ಭಾವ, ಅದನ್ನ ನಾನು ನಿಮಗೆ ಹೇಳಬೇಕಾ? ಸಮುದ್ರ ಕುಡ್ದೋರು ನೀವು! ನಾಲಿಗೆಗೆ ಹಚ್ಚಿ ನೋಡ್ರಿ, ನೆನಪಾಗ್ತದೆ. ಕಮ್ಮಿ ಆದ್ರೂ ಸಾಯ್ತಾವೆ, ಹೆಚ್ಚಾದ್ರೂ ಸಾಯ್ತಾ..." ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಪೋಸ್ಟ್ ಮಾಸ್ತರು ಕನ್ನಡಕ ತೆಗೆದು ಬಹಳ ಗೌರವದಿಂದ ಹೇಳಿದರು: "ಗುಮಾಸ್ತರೇ, ತಡ ಮಾಡಬ್ಯಾಡ್ರಿ. ಎರಡು ಜೀವ ನಿಮ್ಮ ನಾಲಿಗೆ ಮ್ಯಾಲೆ ಅದಾವೆ."

ಆ ನಾಲಿಗೆಯನ್ನು ಬಾಯೊಳಗೆ ಇಟ್ಟುಕೊಂಡು ಜಯದೇವಪ್ಪನವರು ಮುರುಗೇಶಪ್ಪನ ಕಿರಾಣಿ ಅಂಗಡಿಗೆ ಬಂದರು. ಸುದ್ದಿ ಅವರಿಗಿಂತ ಮುಂಚೆಯೇ ಬಂದು ಕೂತಿತ್ತು.

"ಹರಳುಪ್ಪು ಐತೆ, ಪುಡಿ ಉಪ್ಪು ಐತೆ, ಸೈಂಧವ ಐತೆ," ಎಂದ ಮುರುಗೇಶಪ್ಪ. "ನನ್ನ ಕೇಳಿದ್ರೆ ಹರಳುಪ್ಪು ತಗೊಳ್ರಿ. ಅದು ಸಮುದ್ರದಾಗೆ ಹುಟ್ಟಿದ್ದು. ಒಣಗ್ಸಿದ್ರೆ ಉಪ್ಪು, ನೆನೆಸಿದ್ರೆ ಸಮುದ್ರ. ಇದ್ರಾಗೆ ಯೋಚ್ನೆ ಮಾಡಾಕೆ ಏನೈತ್ರಿ?"

"ಮೂರೂ ಕೊಡ್ರಿ."

ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಮುರುಗೇಶಪ್ಪ ಪೊಟ್ಟಣಗಳನ್ನು ಹಲಗೆಯ ಮೇಲಿಟ್ಟ. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ತಾನೂ ಜೊತೆಗೆ ಹೊರಟ. ಇಂಥದ್ದು ದಿನಾ ನಡೆಯುವುದಿಲ್ಲವಲ್ಲ.

ಜಯದೇವಪ್ಪನವರ ಜಗಲಿಯ ಮೇಲೆ ಲೋಟಗಳು ಸಾಲಾಗಿ ನಿಂತವು. ಒಂದೊಂದರಲ್ಲೂ ಒಂದೊಂದು ಉಪ್ಪಿನ ನೀರು. ಅವರು ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಒಂದೊಂದೇ ಗುಟುಕು ಹೀರತೊಡಗಿದರು. ಬೀದಿಯವರು ಉಸಿರು ಬಿಗಿ ಹಿಡಿದು ನೋಡುತ್ತಿದ್ದರು.

"ಪುಡಿ ಉಪ್ಪು. ಇದು ಸಮುದ್ರ ಅಲ್ಲವೇ ಅಲ್ಲ," ಎಂದರು ಮೊದಲನೆಯದಕ್ಕೆ. ಸೈಂಧವಕ್ಕೆ ಹುಬ್ಬು ಗಂಟಿಕ್ಕಿದರು. ಹರಳುಪ್ಪಿಗೆ ಸ್ವಲ್ಪ ಹೊತ್ತು ತೆಗೆದುಕೊಂಡರು. "ಇದು ಸಮುದ್ರವೇ. ಆದ್ರೆ ದಡದ ಹತ್ತಿರದ್ದು. ನಾನು ಕುಡಿದದ್ದು ಇನ್ನೂ ಒಳಗಿಂದು."

"ಎಂಥಾ ನಾಲಿಗೆ!" ಎಂದು ಮುರುಗೇಶಪ್ಪ ಪಕ್ಕದವನನ್ನು ತಿವಿದ. ತಾನೂ ಒಂದು ಗುಟುಕು ಕುಡಿದು ನೋಡಿದ. ಅವನಿಗೆ ಅದು ಮೊಸರು ಹಾಕಲು ಮರೆತ ಮಜ್ಜಿಗೆಯಂತೆ ಕಂಡಿತು.

ಆಗ ದನದ ಆಸ್ಪತ್ರೆಯ ಕಾಂಪೌಂಡರು ತಿಪ್ಪೇಶಪ್ಪ ಸೈಕಲ್ ನಿಲ್ಲಿಸಿ ಬಂದ. ಜಗಳೂರಿನವನು. ಕುರಿಗೆ ಗೊತ್ತಿಲ್ಲದ ಕಾಯಿಲೆ ಮನುಷ್ಯನಿಗಿಲ್ಲ ಎಂದು ನಂಬಿದವನು.

"ಬರೀ ಉಪ್ಪಿನಾಗೆ ಏನೈತ್ರಿ ಗುಮಾಸ್ತರೇ? ನಮ್ಮ ಕಡೆ ಕುರಿ ನೆಕ್ಕಾಕೆ ದೊಡ್ಡಿನಾಗೆ ಉಪ್ಪಿನ ಇಟ್ಟಿಗೆ ಕಟ್ತೀವಿ. ಅದ್ರಾಗೆ ಸುಣ್ಣದ ಅಂಶ ಐತೆ, ಕಬ್ಬಿಣದ ಅಂಶ ಐತೆ, ಇನ್ನೂ ಏನೇನೋ ಐತೆ. ಕುರಿಗೆ ಬೇಕಾದ್ದು ಮೀನಿಗೆ ಬ್ಯಾಡ್ವಾ?" ಎಂದು ಸೈಕಲ್ಲಿನ ಚೀಲದಿಂದ ಕೆಂಪು ಇಟ್ಟಿಗೆಯೊಂದನ್ನು ತೆಗೆದು ಮುಂದಿಟ್ಟ. "ನೆಕ್ಕಿ ನೋಡ್ರಿ."

ಜಯದೇವಪ್ಪನವರು ಬೀದಿಯ ಕಡೆ ಒಮ್ಮೆ ನೋಡಿದರು. ಬೀದಿ ಅವರ ಕಡೆ ನೋಡುತ್ತಿತ್ತು. ಸರ್ಕಾರಿ ನೌಕರರೊಬ್ಬರು ಜಗಲಿಯ ಮೇಲೆ ಕೂತು ಇಟ್ಟಿಗೆ ನೆಕ್ಕಬಾರದೆಂದು ಯಾವ ನಿಯಮದಲ್ಲೂ ಇಲ್ಲ. ನೆಕ್ಕಿದರು.

"ಹತ್ತಿರ ಬಂತು," ಎಂದರು.

"ಹಂಗಾದ್ರೆ ಇದನ್ನೂ ನೋಡಿಬಿಡ್ರಿ," ಎಂದು ತಿಪ್ಪೇಶಪ್ಪ ಇನ್ನೊಂದು ಲೋಟ ಕಲಸಿ ಕೊಟ್ಟ. ಜಯದೇವಪ್ಪನವರು ಗಟಗಟ ಕುಡಿದ ಮೇಲೆ, "ಭೇದಿ ಉಪ್ಪು. ಎಮ್ಮೆಗೆ ಹೊಟ್ಟೆ ಕಟ್ಟಿದಾಗ ಕೊಡೋದು," ಎಂದು ವಿವರಿಸಿದ.

ಆ ದಿನ ಜಯದೇವಪ್ಪನವರು ಕಚೇರಿಗೆ ಹೋಗಲಿಲ್ಲ. ಹಿತ್ತಲಿಗೂ ಮನೆಗೂ ಓಡಾಡುತ್ತಾ ಕಳೆದರು. ಮಂಗಳೂರಿನ ನೆನಪು ಅವರಿಗೆ ನಿಜವಾಗಿ ಬಂದದ್ದು ಆ ಒಂದು ದಿನ ಮಾತ್ರ.

ಸಂಜೆ ಸೋತು ಕೂತಾಗ ಕಸ್ತೂರಮ್ಮ ಗಂಜಿ ತಂದುಕೊಟ್ಟು ತೊಟ್ಟಿಯ ಕಡೆ ನೋಡಿದರು. "ಹೋದ್ರೆ ಹೋಗ್ಲಿ ಬಿಡ್ರಿ. ನೀವು ಯಾಕೆ ಹೊಟ್ಟೆ ಕೆಡಿಸ್ಕೋತೀರಿ? ನನಗೆ ಸಮುದ್ರ ಕಂಡಿದ್ದು ಇಷ್ಟೇ ಅನ್ಕೊಂಡು ಸುಮ್ನಾಗ್ತೀನಿ."

ಈ ಮಾತು ಭೇದಿ ಉಪ್ಪಿಗಿಂತ ಜೋರಾಗಿ ಕೆಲಸ ಮಾಡಿತು. ಜಯದೇವಪ್ಪನವರಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಮರುದಿನದಿಂದ ಅವರು ನಾಲಿಗೆಯ ಗೊಡವೆ ಬಿಟ್ಟರು. ಒಂದು ಹಿಡಿ ಹರಳುಪ್ಪು ಕರಗಿಸಿ ಹಾಕುವುದು, ಹೂವು ನೋಡುವುದು. ಇಟ್ಟಿಗೆಯನ್ನು ಚಾಕುವಿನಿಂದ ಚೂರು ಕೆರೆದು ಹಾಕುವುದು, ಹೂವು ನೋಡುವುದು. ಹೂವಿಗೆ ಏನು ಬೇಕು ಎಂಬುದು ಅವರಿಗೆ ಒಂದು ಹುಚ್ಚೇ ಆಯಿತು. ಕಚೇರಿಯಲ್ಲಿ ಪಹಣಿ ಬರೆಯುತ್ತಾ ಕೂತಿದ್ದರೂ ತಲೆಯಲ್ಲಿ ಹೂವು. ಗಾಳಿ ಹೊಡೆಯಲು ಬೀದಿಯವರು ಸರದಿ ಹಚ್ಚಿಕೊಂಡರು. ಒಂದು ಬೆಳಿಗ್ಗೆ ಕಸ್ತೂರಮ್ಮ "ರೀ!" ಎಂದು ಕೂಗಿದ ಕೂಗಿಗೆ ಅವರು ಹಲ್ಲುಪುಡಿ ಬಾಯಲ್ಲೇ ಓಡಿಬಂದರು. ಹೂವು ಎಸಳೆಲ್ಲ ಬಿಚ್ಚಿ ಆಡುತ್ತಿತ್ತು. ಮೀನು ಅದರ ಸುತ್ತ ಸುತ್ತುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರು ಮನೆಯಲ್ಲಿ ಅಂತರಘಟ್ಟಮ್ಮ ಇದ್ದರು.

ಅಂತರಘಟ್ಟಮ್ಮನಿಗೆ ವಯಸ್ಸಾಗಿತ್ತು, ಕತ್ತಿನ ಮೇಲೆ ಒಂದು ನರಹುಲಿಯಿತ್ತು. ನಮ್ಮ ಕಡೆ ನರಹುಲಿ ಎದ್ದರೆ ದೇವರ ಹೊಂಡಕ್ಕೆ ಉಪ್ಪು, ಮೆಣಸು, ಬೆಲ್ಲ ಹಾಕುತ್ತಾರೆ. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತದೆ. ಬೆನ್ನು ಹಾಕಿ ನಿಂತು ಭುಜದ ಮೇಲಿಂದ ಎಸೆದು ನೆಟ್ಟಗೆ ಹೋಗಬೇಕು, ತಿರುಗಿ ನೋಡಬಾರದು. ನೋಡಿದರೆ ನರಹುಲಿ ವಾಪಸ್ ಬರುತ್ತದೆ. ಇಷ್ಟು ತಿಳಿದ ಮುದುಕಿ, ಎದುರು ಮನೆಯ ಗೃಹಸ್ಥರು ಮೊದಲು ಕಣ್ಣು ಮುಚ್ಚಿ ತೀರ್ಥ ತೆಗೆದುಕೊಂಡದ್ದು, ಆಮೇಲೆ ದಿನಾ ನೀರಿಗೆ ಉಪ್ಪು ಹಾಕಿದ್ದು, ಕೊನೆಗೆ ಆ ನೀರಲ್ಲಿ ಹೂವು ಅರಳಿದ್ದು, ಇಷ್ಟನ್ನೂ ಕಿಟಕಿಯಿಂದ ನೋಡಿ ಬೇರೆ ಏನೆಂದು ತಿಳಿಯಬೇಕು?

ಕಸ್ತೂರಮ್ಮ ನೀರಿಗೆ ಹೋದ ಹೊತ್ತು ನೋಡಿ ಅವರು ಬಂದರು, ಬೆನ್ನು ಹಾಕಿದರು, ಎಸೆದರು, ಹೋದರು. ಆ ವಾರವೇ ನರಹುಲಿ ಉದುರಿತು. ಅದಕ್ಕೆ ಕುದುರೆ ಕೂದಲು ಬಿಗಿದು ಕಟ್ಟಿ ತಿಂಗಳಾಗಿತ್ತು ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ ನೋಡಬೇಕು. ಚನ್ನಗಿರಿಯಲ್ಲಿ ಇಷ್ಟು ಜನಕ್ಕೆ ನರಹುಲಿ ಇದೆಯೆಂದು ಜನಗಣತಿಯವರಿಗೂ ಗೊತ್ತಿರಲಿಲ್ಲ. ಹೊನ್ನಾಳಿ ಬಸ್ಸಿನಲ್ಲಿ ಬಂದರು, ನ್ಯಾಮತಿಯಿಂದ ಬಂದರು. ಮುರುಗೇಶಪ್ಪ ಉಪ್ಪು, ಮೆಣಸು, ಬೆಲ್ಲವನ್ನು ಒಂದೇ ಪೊಟ್ಟಣ ಕಟ್ಟಿ ಬೀದಿಯ ತುದಿಯಲ್ಲೇ ಮಾರಲು ಶುರು ಮಾಡಿದ. ಜಯದೇವಪ್ಪನವರು ಬಾಗಿಲಲ್ಲಿ ನಿಂತು "ಅಮ್ಮಾ, ಹಾಕಬ್ಯಾಡ್ರಿ! ಯಜಮಾನ್ರೇ, ನಿಲ್ರಿ! ಸ್ವಲ್ಪ ಇಲ್ಲಿ ನೋಡ್ರಿ!" ಎಂದು ಕೂಗುತ್ತಿದ್ದರು. ಎಸೆದವರು ಯಾರು ತಿರುಗಿ ನೋಡುತ್ತಾರೆ? ಕೂಗಿದಷ್ಟೂ ಅವರು ಬೇಗ ಬೇಗ ನಡೆದರು. ತಿರುಗಿ ನೋಡುವ ಹಾಗೆ ಮಾಡಿ ಭಕ್ತಿ ಪರೀಕ್ಷಿಸುತ್ತಾರೆ ಎಂದು ಹೊಸ ಮಾತೂ ಹುಟ್ಟಿತು.

ಕೊನೆಗೆ ಜಯದೇವಪ್ಪನವರು ಮನಸ್ಸು ಗಟ್ಟಿ ಮಾಡಿ, ಒಳಗಿನಿಂದ ಅಗಳಿ ಹಾಕಿ, ಯಾರು ಬಂದರೂ ತೆಗೆಯಬೇಡ ಎಂದು ಹೆಂಡತಿಗೆ ಹೇಳಿದರು. ಹೇಳಿ ಬಾಯಿ ಮುಚ್ಚುವುದರೊಳಗೆ ಬಾಗಿಲು ಬಡಿಯಿತು. ತಹಶೀಲ್ದಾರ್ ಹಾಲೇಶಪ್ಪ ಸಾಹೇಬರು. ಅವರ ಮೂಗಿನ ಪಕ್ಕ ಬಟಾಣಿಯಂಥ ಒಂದು ನರಹುಲಿ ಇದ್ದದ್ದನ್ನು ಕಚೇರಿಯಲ್ಲಿ ಎಲ್ಲರೂ ನೋಡಿದ್ದರು, ನೋಡಿಲ್ಲದವರಂತೆ ಇದ್ದರು.

"ಏನ್ರೀ ಜಯದೇವಪ್ಪ, ಇಲ್ಲಿ ಜನ ಸೇರ್ತಾರಂತೆ. ಶಾಂತಿ ಸುವ್ಯವಸ್ಥೆ ನೋಡಬೇಕಾಗ್ತದೆ. ಅದೇನಾ ತೊಟ್ಟಿ? ಹೂಂ. ಒಂದು ಲೋಟ ನೀರು ತರ್ರಿ. ನೀವೇ ತರ್ರಿ. ನಿಮ್ಮ ಮನೆಯೋರೂ ಹೋಗ್ಲಿ ಜೊತೆಗೆ."

ಒಂದು ಲೋಟ ನೀರಿಗೆ ಇಬ್ಬರು ಯಾಕೆ ಎಂದು ಮೇಲಧಿಕಾರಿಯನ್ನು ಕೇಳುವುದು ಹೇಗೆ? ಅಡುಗೆಮನೆಯಲ್ಲಿ ಗಂಡ ಹೆಂಡತಿ ಉಸಿರು ಹಿಡಿದು ನಿಂತರು. ಹೊರಗೆ 'ಬುಳಕ್' ಎಂದಿತು. ಸಾಹೇಬರ ಘನತೆಗೆ ತಕ್ಕ ಪೊಟ್ಟಣವೇ ಇರಬೇಕು, ಸದ್ದು ದೊಡ್ಡದಾಗಿಯೇ ಬಂತು. ನೀರು ತಂದು ನೋಡಿದರೆ ಸಾಹೇಬರು ಅಂಗಳ ದಾಟಿ ಜೀಪಿನ ಕಡೆ ಹೋಗುತ್ತಿದ್ದರು, ತಿರುಗಿ ನೋಡದೆ.

ಮಧ್ಯಾಹ್ನದ ಹೊತ್ತಿಗೆ ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬೆಲ್ಲಕ್ಕೆ ಇರುವೆ ಸಾಲು ಹಿಡಿದಿತ್ತು. ಹೂವು ಗುಂಡಿಗಿಂತ ಸಣ್ಣದಾಗಿತ್ತು. ಮೀನು ಒಂದು ಮಗ್ಗುಲಿಗೆ ವಾಲಿ, ನೇರವಾಗಿ, ಮತ್ತೆ ವಾಲುತ್ತಿತ್ತು. ಕಸ್ತೂರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಇನ್ನು ಯಾವ ಉಪ್ಪಿಂದಾನೂ ಆಗಲ್ಲ ಕಣೆ," ಎಂದರು ಜಯದೇವಪ್ಪನವರು. "ಇದಕ್ಕೆ ಸಮುದ್ರವೇ ಬೇಕು. ಚೀಲ ಕಟ್ಟು." ಹೇಳಿದ ಮೇಲೆ ತಾವು ಹೇಳಿದ್ದೇನು ಎಂದು ಅವರಿಗೆ ಹೊಳೆಯಿತು. ಆದರೆ ಕಸ್ತೂರಮ್ಮ ಆಗಲೇ ಚೀಲ ಕಟ್ಟುತ್ತಿದ್ದರು.

ರಜೆ ಕೇಳಿದಾಗ ಸಾಹೇಬರು ಮೂಗಿನ ಪಕ್ಕ ಕೈಯಿಟ್ಟುಕೊಂಡು, ಅರ್ಜಿ ಓದದೆ ಸಹಿ ಹಾಕಿದರು. ಹೊಸ ನೀರಿಗೆ ಹರಳುಪ್ಪನ್ನೂ ಇಟ್ಟಿಗೆಯ ಕೆರೆತವನ್ನೂ ಅಂದಾಜಿಗೆ ಕಲಸಿ, ಕ್ಯಾನಿಗೆ ತುಂಬಿ, ಮೀನನ್ನೂ ಕಲ್ಲನ್ನೂ ಅದಕ್ಕೆ ಬಿಟ್ಟು ಹೊರಟರು. ಅಂತರಘಟ್ಟಮ್ಮನೂ ಹೊರಟರು. ತೊಟ್ಟಿಯೇ ಇಷ್ಟು ಮಾಡಿದರೆ ಅದರ ತಾಯಿ ಇನ್ನೆಷ್ಟು ಮಾಡೀತು ಎಂದು ನೋಡಬೇಕಿತ್ತು ಅವರಿಗೆ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಘಾಟಿ ಇಳಿದು, ದಾರಿಯುದ್ದಕ್ಕೂ ಜಯದೇವಪ್ಪನವರು ಕ್ಯಾನು ತೊಡೆಯ ಮೇಲಿಟ್ಟುಕೊಂಡು ಸೈಕಲ್ ಪಂಪು ಒತ್ತಿದರು. ಕಂಡಕ್ಟರ್ ಮೀನಿಗೆ ಟಿಕೆಟ್ ಕೇಳಿದ. ಅವರು ಅರ್ಧ ಟಿಕೆಟ್ ತೆಗೆದುಕೊಂಡರು, ಜಗಳಕ್ಕೆ ಅವರಲ್ಲಿ ಶಕ್ತಿ ಉಳಿದಿರಲಿಲ್ಲ.

ಮಂಗಳೂರಿನಲ್ಲಿ ಮಲ್ಲಿಕಾರ್ಜುನಪ್ಪ ಬಸ್ ಸ್ಟ್ಯಾಂಡಿಗೇ ಬಂದು ನೆಟ್ಟಗೆ ದಡಕ್ಕೆ ಕರೆದುಕೊಂಡು ಹೋದ. ತೆಂಗಿನ ಮರಗಳು ಮುಗಿದವು, ಮರಳು ಬಂತು. ಮರಳಿನ ಆಚೆ ನೀರು ಶುರುವಾಗಿ, ಮುಗಿಯಲೇ ಇಲ್ಲ.

ಮೊದಲು ಮಾತಾಡಿದವರು ಅಂತರಘಟ್ಟಮ್ಮ. ಗಲ್ಲಕ್ಕೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿ, "ಶಿವನೇ! ಇದಿಷ್ಟೂ ಉಪ್ಪಾಗಬೇಕಾದ್ರೆ ಅದೆಷ್ಟು ಜನಕ್ಕೆ ನರಹುಲಿ ಇತ್ತೋ!" ಎಂದರು.

ಜಯದೇವಪ್ಪನವರು ಪಂಚೆ ಎತ್ತಿ ಕಟ್ಟಿ, ಕ್ಯಾನು ಹಿಡಿದು, ಬಂಡೆಗಳ ಸಂದಿನ ನೀರಿಗೆ ಇಳಿದರು. ಮೀನನ್ನು ಮೆಲ್ಲಗೆ ಬಿಟ್ಟರು. ಅದು ಸ್ವಲ್ಪ ಹೊತ್ತು ವಾಲಿಕೊಂಡೇ ಇತ್ತು. ಒಂದು ಅಲೆ ಬಂದು ಹೋಯಿತು. ಪಟ್ಟೆ ಒಮ್ಮೆ ಮಿಂಚಿತು, ಮೀನು ಹೋಗಿಯೇ ಹೋಯಿತು. ಕಲ್ಲನ್ನು ನೀರಲ್ಲಿಟ್ಟು ಗಂಡ ಹೆಂಡತಿ ಇಬ್ಬರೂ ಬಗ್ಗಿ ಕಾದರು. ಗುಂಡಿ ಅಲುಗಿತು. ಒಂದು ಎಸಳು, ಇನ್ನೊಂದು ಎಸಳು. ಆಮೇಲೆ ಎಲ್ಲವೂ.

"ಬಂತು ಕಣ್ರೀ!" ಎಂದು ಕಸ್ತೂರಮ್ಮ ಚಪ್ಪಾಳೆ ತಟ್ಟಿದರು. ಸಂತೋಷಕ್ಕೆ ಜಯದೇವಪ್ಪನವರು ನೆಟ್ಟಗೆ ನಿಂತದ್ದೇ ತಪ್ಪಾಯಿತು. ಹಿಂದಿನಿಂದ ಬಂದ ಅಲೆಯೊಂದು ಬೆನ್ನಿಗೆ ಬಡಿದು, ಅವರನ್ನು ಮಗುಚಿ, ಮೂಗು ಬಾಯಿಯೆಲ್ಲ ತುಂಬಿ ಹೋಯಿತು. ಅವರು ಕೆಮ್ಮುತ್ತಾ, ಉಗುಳುತ್ತಾ, ಕಣ್ಣು ದೊಡ್ಡದು ಮಾಡಿಕೊಂಡು ಎದ್ದು, ಇಡೀ ದಡಕ್ಕೆ ಕೇಳುವ ಹಾಗೆ ಕೂಗಿದರು:

"ಏ ಕಸ್ತೂರಿ! ಬರೀ ಉಪ್ಪಲ್ಲ ಕಣೇ ಇದು! ಕಹಿನೂ ಐತೆ!"

ಮಲ್ಲಿಕಾರ್ಜುನಪ್ಪ ಭಾವನನ್ನು ನೋಡಿದ. ಅಂತರಘಟ್ಟಮ್ಮ, "ಹೋದ ಸಲ ಕಹಿ ಇರ್ಲಿಲ್ವೇನಪ್ಪ?" ಎಂದು ಕೇಳಿದರು. ಜಯದೇವಪ್ಪನವರು ಬಾಯಿ ತೆರೆದರು. ಈ ಸಲ ಒಳಗಿನಿಂದ ಯಾವ ಅಲೆಯೂ ಏಳಲಿಲ್ಲ.

ಕಸ್ತೂರಮ್ಮ ಸೀರೆ ನೆನೆಯುವುದನ್ನೂ ನೋಡದೆ ಅವರ ಪಕ್ಕಕ್ಕೆ ಬಂದರು. ಬೊಗಸೆಯಲ್ಲಿ ನೀರು ತೆಗೆದು ಒಂದು ಗುಟುಕು ಕುಡಿದು, ಮುಖ ಕಿವುಚಿ, ನಕ್ಕರು.

"ಹೌದು ಕಣ್ರೀ, ಕಹಿ ಐತೆ," ಎಂದು, ಅವರೊಬ್ಬರಿಗೇ ಕೇಳುವ ಹಾಗೆ ದನಿ ತಗ್ಗಿಸಿದರು. "ನಿಮ್ಮ ಸಮುದ್ರದ ಕತೆ ನನಗೆ ಯಾವತ್ತೋ ಗೊತ್ತಿತ್ತು. ಈಗ ಸರಿಯಾಗಿ ಇನ್ನೊಂದು ಗುಟುಕು ಕುಡೀರಿ. ಊರಿಗೆ ಹೋದ ಮ್ಯಾಲೆ ಹೇಳಾಕೆ ಬೇಕಾಗ್ತದೆ."